ಚೀನದಲ್ಲಿ ವಿದೇಶಿ ಅಂಚೆ ಕಚೇರಿಗಳು ಮತ್ತು ಅಂಚೆ ಸ್ವಾಯತ್ತತೆಯ ಹೋರಾಟ

ಹತ್ತೊಂಬತ್ತನೆಯ ಶತಮಾನದ ನಡುವಿನಿಂದ 1922ರ ಕೊನೆಯವರೆಗೆ ಬ್ರಿಟನ್, ಫ್ರಾನ್ಸ್, ರಷ್ಯ, ಅಮೆರಿಕ, ಜಪಾನ್, ಜರ್ಮನಿ ಮತ್ತು ಕೊನೆಕೊನೆಗೆ ಇಟಲಿ ಚೀನದ ನೆಲದ ಮೇಲೆ ತಮ್ಮದೇ ಅಂಚೆ ಕಚೇರಿಗಳನ್ನು ನಡೆಸಿದವು. ಅಲ್ಲಿ ಮಾರುತ್ತಿದ್ದುದು ಆಯಾ ದೇಶದ ಅಂಚೆಚೀಟಿ, ಒತ್ತುತ್ತಿದ್ದುದು ಆಯಾ ದೇಶದ ಠಸ್ಸೆ, ನಡೆಯುತ್ತಿದ್ದುದು ಆಯಾ ದೇಶದ ಕಾನೂನು. ಚೀನ ಎಂದೂ ಪೂರ್ತಿಯಾಗಿ ಒಂದು ದೇಶದ ವಸಾಹತು ಆಗಲಿಲ್ಲ. ಹಲವು ದೇಶಗಳು ಸೇರಿ ಅದರ ಅಧಿಕಾರವನ್ನು ಹಂಚಿಕೊಂಡವು. ಹಾಗಾಗಿ ಅಂಚೆಯನ್ನು ಮರಳಿ ಪಡೆಯುವ ಹೋರಾಟವೂ ಎರಡು ಕಡೆ ನಡೆಯಬೇಕಾಯಿತು. ಒಂದು, ಹೊರಗಿನವರ ಕಚೇರಿಗಳನ್ನು ಮುಚ್ಚಿಸುವುದು. ಇನ್ನೊಂದು, ತನ್ನದೇ ಅಂಚೆ ಇಲಾಖೆಯ ಮೇಲಧಿಕಾರದ ಕುರ್ಚಿಯನ್ನು ಹೊರಗಿನವರಿಂದ ಬಿಡಿಸಿಕೊಳ್ಳುವುದು. ಮೊದಲನೆಯದಕ್ಕೆ ಸುಮಾರು ಎಂಬತ್ತು ವರ್ಷ ಹಿಡಿಯಿತು. ಎರಡನೆಯದು ಅದರ ಬಳಿಕವೂ ಮುಂದುವರಿಯಿತು.

ಮೊದಲಿದ್ದ ವ್ಯವಸ್ಥೆ

ವಿದೇಶಿಯರು ಬರುವ ಮೊದಲು ಚೀನದಲ್ಲಿ ಕಾಗದ ಓಡಾಡುತ್ತಿರಲಿಲ್ಲ ಎಂದೇನಿಲ್ಲ. ಸರಕಾರದ ಆಜ್ಞೆ, ವರದಿಗಳಿಗಾಗಿ ಯಿಝಾನ್ ಎಂಬ ಕುದುರೆ ಠಾಣೆಗಳ ಜಾಲ ಶತಮಾನಗಳಿಂದ ಇತ್ತು. ಯುವಾನ್ ಅರಸರ ಕಾಲದಲ್ಲಿ ಅದು ಎಷ್ಟು ಹರಡಿತ್ತೆಂದರೆ ಮಾರ್ಕೊ ಪೋಲೊ ಅದನ್ನು ಬೆರಗಿನಿಂದ ವರ್ಣಿಸಿದ. ತೀರಾ ತುರ್ತಿನ ಓಲೆಗೆ ದಿನಕ್ಕೆ 600 ಲೀ, ಅಂದರೆ ಸುಮಾರು 300 ಕಿಲೋಮೀಟರ್, ಓಡಬೇಕೆಂಬ ದರ್ಜೆಯೂ ಇತ್ತು. ಆದರೆ ಅದು ಅರಮನೆಯ ಅಂಚೆ. ಜನಸಾಮಾನ್ಯರ ಕಾಗದಕ್ಕೆ ಅಲ್ಲಿ ಜಾಗವಿರಲಿಲ್ಲ.

ಜನರ ಕಾಗದಗಳನ್ನು ಒಯ್ಯುತ್ತಿದ್ದುದು ಮಿನ್‌ಶಿನ್‌ಜು ಎಂಬ ಖಾಸಗಿ ಅಂಚೆ ಅಂಗಡಿಗಳು. ಮಿಂಗ್ ಕಾಲದಿಂದ ಬೆಳೆದ ಈ ಕಸುಬಿನಲ್ಲಿ ನಿಂಗ್‌ಬೋ ಪಟ್ಟಣದ ವರ್ತಕರದೇ ಮೇಲುಗೈ. ಕೂಲಿಯನ್ನು ಬರೆದವರು ಕೊಡಬಹುದಿತ್ತು, ಪಡೆದವರು ಕೊಡಬಹುದಿತ್ತು, ಅರ್ಧರ್ಧ ಹಂಚಿಕೊಳ್ಳಲೂಬಹುದಿತ್ತು. ಕಾಗದದ ಜೊತೆ ಬೆಳ್ಳಿ, ಹುಂಡಿ, ಗಂಟುಗಳೂ ಹೋಗುತ್ತಿದ್ದವು. ತುರ್ತು ಪತ್ರವೆಂದು ತಿಳಿಯಲು ಲಕೋಟೆಯ ಮೂಲೆ ಸುಡುವುದೋ ಕೋಳಿಯ ಗರಿ ಸಿಕ್ಕಿಸುವುದೋ ರೂಢಿ. ಆಗ್ನೇಯ ಏಷ್ಯಕ್ಕೆ ದುಡಿಯಲು ಹೋದ ಗುವಾಂಗ್‌ಡಾಂಗ್, ಫುಜಿಯಾನ್ ಸೀಮೆಯವರು ಊರಿಗೆ ಹಣ ಮತ್ತು ಪತ್ರ ಒಟ್ಟಿಗೆ ಕಳಿಸಲು ಬೇರೆಯೇ ಅಂಗಡಿಗಳಿದ್ದವು. ಆ ಪತ್ರಗಳ ಸಂಗ್ರಹ 2013ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿತು.

ಚೀನಕ್ಕೆ ಇಲ್ಲದ್ದು ಒಂದೇ: ಎಲ್ಲರಿಗೂ ತೆರೆದಿರುವ, ಒಂದೇ ದರದ, ಸರಕಾರವೇ ಹೊಣೆ ಹೊತ್ತ ರಾಷ್ಟ್ರೀಯ ಅಂಚೆ. ಆ ಕೊರತೆಯೇ ಹೊರಗಿನವರಿಗೆ ನೆಪವಾಯಿತು.

ಬಂದರಿನಿಂದ ಒಳನಾಡಿಗೆ

ಮೊದಲ ಅಫೀಮು ಯುದ್ಧದಲ್ಲಿ ಸೋತ ಚೀನ 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗನ್ನು ಬಿಟ್ಟುಕೊಟ್ಟಿತು. ಗುವಾಂಗ್‌ಝೌ, ಶಿಯಾಮೆನ್, ಫುಝೌ, ನಿಂಗ್‌ಬೋ, ಶಾಂಘೈ ಬಂದರುಗಳನ್ನು ವ್ಯಾಪಾರಕ್ಕೆ ತೆರೆಯಿತು. 1844ರಿಂದ ಅಲ್ಲಿನ ಬ್ರಿಟಿಷ್ ಕಾನ್ಸಲ್ ಕಚೇರಿಗಳಲ್ಲೇ ಅಂಚೆ ಕಟ್ಟುವ ಕೆಲಸ ಶುರುವಾಯಿತು. 1868ರಲ್ಲಿ ಹಾಂಗ್‌ಕಾಂಗ್ ಅಂಚೆ ಇಲಾಖೆ ಅದನ್ನು ನೇರವಾಗಿ ವಹಿಸಿಕೊಂಡಿತು. ಹಾಂಗ್‌ಕಾಂಗ್ ಅಂಚೆಚೀಟಿ ಹಚ್ಚಿದ ಕಾಗದ ಯಾವ ಊರಿನದೆಂದು ಠಸ್ಸೆಯಿಂದ ತಿಳಿಯುತ್ತಿತ್ತು: ಶಾಂಘೈಗೆ ಎಸ್1, ಕ್ಯಾಂಟನ್ ಎನಿಸಿಕೊಂಡಿದ್ದ ಗುವಾಂಗ್‌ಝೌಗೆ ಸಿ1, ಅಮೊಯ್ ಎನಿಸಿಕೊಂಡಿದ್ದ ಶಿಯಾಮೆನ್‌ಗೆ ಎ1.

ಒಬ್ಬರ ಹಿಂದೆ ಒಬ್ಬರು ಬಂದರು. ಫ್ರಾನ್ಸ್ 1862ರಲ್ಲಿ, ಅಮೆರಿಕ 1867ರಲ್ಲಿ, ಜಪಾನ್ 1876ರಲ್ಲಿ, ಜರ್ಮನಿ 1886ರಲ್ಲಿ ಶಾಂಘೈಯಲ್ಲಿ ಕಚೇರಿ ತೆರೆದವು. ರಷ್ಯನ್ನರು ಬಂದದ್ದು ನೆಲದ ದಾರಿಯಿಂದ. ಗಡಿಯ ಕ್ಯಾಖ್ತಾ ಪಟ್ಟಣದಿಂದ ಬೀಜಿಂಗ್‌ವರೆಗಿನ ಅಂಚೆಗೆ 1858ರ ಒಪ್ಪಂದದಲ್ಲೇ ಅವಕಾಶ ಬರೆಸಿಕೊಂಡಿದ್ದ ಅವರು 1870ರಲ್ಲಿ ಬೀಜಿಂಗ್, ತಿಯಾಂಜಿನ್, ಕಲ್ಗನ್, ಉರ್ಗಾಗಳಲ್ಲಿ ಕಚೇರಿ ಸ್ಥಾಪಿಸಿದರು. ಶಾಂಘೈಯ ವಿದೇಶಿ ವಸತಿಯ ಪುರಸಭೆ ತಾನೇ ಒಂದು ಸ್ಥಳೀಯ ಅಂಚೆ ನಡೆಸಿ 1865ರಲ್ಲಿ ಸ್ವಂತ ಅಂಚೆಚೀಟಿಯನ್ನೂ ಹೊರಡಿಸಿತು.

ಇದರ ಹಿಂದೆ ಹಡಗಿನ ಲೆಕ್ಕಾಚಾರವಿತ್ತು. ಬ್ರಿಟನ್, ಫ್ರಾನ್ಸ್, ಅಮೆರಿಕದ ಹಡಗು ಕಂಪನಿಗಳಿಗೆ ಅಂಚೆ ಗುತ್ತಿಗೆಯಿಂದ ಅವರವರ ಸರಕಾರದ ಹಣ ಸಿಗುತ್ತಿತ್ತು. ಹಡಗು ನಿಲ್ಲುವ ಕಡೆ ತಮ್ಮ ಕೌಂಟರ್ ಇದ್ದರೆ ಅನುಕೂಲ. ಬಂದರಿನ ವರ್ತಕರಿಗೂ ಲಂಡನ್ನಿಗೆ ಹೋಗುವ ಕಾಗದದ ಮೇಲೆ ಲಂಡನ್ ಒಪ್ಪುವ ಚೀಟಿಯೇ ಬೇಕಿತ್ತು. ಒಂದೆರಡು ಬಂದರಿನಲ್ಲಿ ಹಡಗಿನ ಅಂಚೆಗಾಗಿ ತೆರೆದ ಕಚೇರಿಗಳು ಮುಂದೆ ಕಡಲಿನ ಸಂಬಂಧವೇ ಇಲ್ಲದ ಊರುಗಳಿಗೂ ಹಬ್ಬಿದವು. ಇಂಡೋಚೀನದ ಫ್ರೆಂಚ್ ಆಡಳಿತ ಯುನ್ನಾನಿನ ಮೆಂಗ್‌ಝಿ ಮತ್ತು ಕುನ್‌ಮಿಂಗ್‌ಗಳಲ್ಲಿ, ಯಾಂಗ್ಟ್ಸಿ ನದಿಯ ಮೇಲಿನ ಚೋಂಗ್‌ಚಿಂಗ್‌ನಲ್ಲಿ ಕಚೇರಿ ನಡೆಸಿತು.

ಸುಂಕದ ಕಟ್ಟೆಯಿಂದ ಹುಟ್ಟಿದ ಅಂಚೆ

ಚೀನದ ರಾಷ್ಟ್ರೀಯ ಅಂಚೆಯನ್ನು ಕಟ್ಟಿದವನೂ ಒಬ್ಬ ವಿದೇಶಿಯೇ. ಉತ್ತರ ಐರ್ಲೆಂಡಿನ ಪೋರ್ಟಡೌನ್‌ನಲ್ಲಿ ಹುಟ್ಟಿದ ರಾಬರ್ಟ್ ಹಾರ್ಟ್ 1863ರಿಂದ ಸಾಯುವವರೆಗೆ, ಅಂದರೆ 1911ರವರೆಗೆ, ಚೀನದ ಸಾಮ್ರಾಜ್ಯ ಕಡಲ ಸುಂಕ ಇಲಾಖೆಯ ಮುಖ್ಯಸ್ಥನಾಗಿದ್ದ. ಇಲಾಖೆ ಚಿಂಗ್ ಅರಸೊತ್ತಿಗೆಯದು, ಸಂಬಳವೂ ಅದರದೇ. ಮೇಲಿನ ಹುದ್ದೆಗಳಲ್ಲಿ ಮಾತ್ರ ಬಹುತೇಕ ಐರೋಪ್ಯರು.

ಚಳಿಗಾಲದಲ್ಲಿ ತಿಯಾಂಜಿನ್ನಿನ ನದಿ ಹೆಪ್ಪುಗಟ್ಟಿದರೆ ಬೀಜಿಂಗಿನ ರಾಯಭಾರ ಕಚೇರಿಗಳಿಗೆ ಹೊರಗಿನ ಸಂಪರ್ಕವೇ ಕಡಿಯುತ್ತಿತ್ತು. ಹೀಗಾಗಿ 1860ರ ದಶಕದಲ್ಲಿ ಅವರ ಅಂಚೆಯನ್ನು ನೆಲದ ದಾರಿಯಲ್ಲಿ ಯಾಂಗ್ಟ್ಸಿ ದಡದ ಝೆನ್‌ಜಿಯಾಂಗ್‌ವರೆಗೆ ಸಾಗಿಸುವ ಹೊಣೆ ಸುಂಕ ಇಲಾಖೆಗೆ ಬಂತು. ಆ ಚಿಕ್ಕ ಹೊಣೆಯನ್ನೇ ಹಾರ್ಟ್ ದೊಡ್ಡದು ಮಾಡಿದ. 1878ರಲ್ಲಿ ಅವನ ಸೂಚನೆಯಂತೆ ತಿಯಾಂಜಿನ್ನಿನ ಸುಂಕಾಧಿಕಾರಿ, ಜರ್ಮನ್ ಮೂಲದ ಗುಸ್ಟಾಫ್ ಡೆಟ್ರಿಂಗ್, ಸಾರ್ವಜನಿಕರ ಕಾಗದಕ್ಕೂ ಸೇವೆ ತೆರೆದ. ಅದೇ ಬೇಸಿಗೆಯಲ್ಲಿ ಚೀನದ ಮೊದಲ ಅಂಚೆಚೀಟಿಗಳು ಹೊರಬಂದವು. ಶಾಂಘೈಯ ಸುಂಕ ಇಲಾಖೆಯ ಮುದ್ರಣಾಲಯದಲ್ಲಿ ಅಚ್ಚಾದ, 1, 3 ಮತ್ತು 5 ಕ್ಯಾಂಡರಿನ್ ಬೆಲೆಯ ಈ ಚೀಟಿಗಳನ್ನು ಸಂಗ್ರಾಹಕರು 'ದೊಡ್ಡ ಡ್ರ್ಯಾಗನ್' ಎಂದು ಕರೆಯುತ್ತಾರೆ.

ಸುಂಕದ ಅಂಚೆ ರಾಷ್ಟ್ರೀಯ ಅಂಚೆಯಾಗಲು ಮತ್ತೆ ಹದಿನೆಂಟು ವರ್ಷ ಬೇಕಾಯಿತು. 1895ರಲ್ಲಿ ಜಪಾನಿನ ಕೈಯಲ್ಲಿ ಸೋತ ಮೇಲೆ ಸುಧಾರಣೆಯ ಮಾತಿಗೆ ಬಲ ಬಂತು. ಪ್ರಾಂತಾಧಿಕಾರಿ ಝಾಂಗ್ ಝಿದಾಂಗ್ ಅಂಚೆ ಸ್ಥಾಪನೆಗೆ ಅರಿಕೆ ಸಲ್ಲಿಸಿದ. 1896ರ ಮಾರ್ಚ್ 20ರಂದು ಗುವಾಂಗ್‌ಶು ಚಕ್ರವರ್ತಿ ಸಾಮ್ರಾಜ್ಯ ಅಂಚೆಗೆ ಒಪ್ಪಿಗೆ ಕೊಟ್ಟ. 1897ರ ಫೆಬ್ರುವರಿ 20ರಂದು ಅದು ಕೆಲಸ ಶುರುಮಾಡಿತು. ಹೊರದೇಶದಲ್ಲಿ ಅಚ್ಚಿಗೆ ಕೊಟ್ಟ ಹೊಸ ಚೀಟಿಗಳು ಸಕಾಲಕ್ಕೆ ಬರಲಿಲ್ಲ. ಬಳಸದೆ ಉಳಿದಿದ್ದ ಕೆಂಪು ತೆರಿಗೆ ಚೀಟಿಗಳ ಮೇಲೆ ಹೊಸ ಬೆಲೆ ಅಚ್ಚೊತ್ತಿ ಮಾರಲಾಯಿತು. ಅವುಗಳಲ್ಲಿ ಸಣ್ಣ ಅಕ್ಷರದ ಒಂದು ಡಾಲರ್ ಚೀಟಿ ಇಂದು ಚೀನದ ಅತ್ಯಂತ ಅಪರೂಪದ ಚೀಟಿಗಳಲ್ಲಿ ಒಂದು. ಶಾಂಘೈ ಪುರಸಭೆಯ ಅಂಚೆ ಅದೇ ವರ್ಷ ಸಾಮ್ರಾಜ್ಯ ಅಂಚೆಯಲ್ಲಿ ವಿಲೀನವಾಯಿತು. ಹೊರಗಿನವರ ಕೈಯಲ್ಲಿದ್ದ ಒಂದು ಅಂಚೆ ಚೀನಕ್ಕೆ ದಕ್ಕಿದ್ದು ಅದೇ ಮೊದಲು.

ಈಗ ಹೊರಗಿನವರು ತಮ್ಮ ಕಚೇರಿ ಮುಚ್ಚಬಹುದಿತ್ತು. ಆದದ್ದು ತಿರುಗುಮುರುಗು. ವಿದೇಶಿಯರ ವಿರುದ್ಧ ಎದ್ದ 1900ರ ಬಾಕ್ಸರ್ ದಂಗೆಯಲ್ಲಿ ಬೀಜಿಂಗಿನ ರಾಯಭಾರ ಬೀದಿಗೆ 55 ದಿನ ಮುತ್ತಿಗೆ ಬಿತ್ತು, ಹಾರ್ಟನ ಮನೆಯೇ ಸುಟ್ಟುಹೋಯಿತು. ದಂಗೆ ಅಡಗಿಸಲು ಬಂದ ಪಡೆಗಳ ಬೆನ್ನಿಗೆ ಅಂಚೆ ಕಚೇರಿಗಳೂ ಬಂದವು, ಪಡೆಗಳು ಹೋದ ಮೇಲೂ ಹಲವು ಉಳಿದವು. ಬ್ರಿಟಿಷ್ ಸೇನೆಯೊಂದಿಗೆ ಹೋದ ಭಾರತೀಯ ಸಿಪಾಯಿಗಳಿಗಾಗಿ ಭಾರತದ ಅಂಚೆಚೀಟಿಗಳ ಮೇಲೆ 'ಚೀನ ದಂಡಯಾತ್ರಾ ಪಡೆ' ಎಂಬುದರ ಇಂಗ್ಲಿಷ್ ಮೊದಲಕ್ಷರಗಳಾದ ಸಿ.ಇ.ಎಫ್. ಅಚ್ಚು ಬಿತ್ತು, ಅವು ಎರಡು ದಶಕಕ್ಕೂ ಹೆಚ್ಚು ಕಾಲ ಚಲಾವಣೆಯಲ್ಲಿದ್ದವು.

ಮೇಲಚ್ಚಿನ ಚೀಟಿಗಳು

ವಿದೇಶಿ ಅಂಚೆಯ ಗುರುತು ಎದ್ದು ಕಾಣುವುದು ಚೀಟಿಗಳ ಮೇಲೆ. ರಷ್ಯ 1899ರಲ್ಲಿ ತನ್ನ ಲಿಪಿಯಲ್ಲಿ 'ಕಿಟಾಯ್' ಎಂದು, ಜಪಾನ್ 1900ರಲ್ಲಿ 'ಶಿನಾ' ಎಂದು ಮೇಲಚ್ಚು ಹಾಕಿದವು. ಫ್ರಾನ್ಸ್ ಊರೂರಿನ ಹೆಸರನ್ನೇ ಒತ್ತಿತು. ಬ್ರಿಟನ್ 1917ರಲ್ಲಿ ಹಾಂಗ್‌ಕಾಂಗ್ ಚೀಟಿಗಳ ಮೇಲೆ 'ಚೈನಾ' ಎಂದು ಅಚ್ಚು ಮಾಡಿಸಿತು. ಅಮೆರಿಕ 1919ರಲ್ಲಿ 'ಶಾಂಘೈ' ಎಂಬ ಹೆಸರಿನೊಡನೆ ಮೂಲ ಬೆಲೆಯ ಎರಡರಷ್ಟು ಅಂಕಿ ಒತ್ತಿತು: ಒಂದು ಸೆಂಟಿನ ಚೀಟಿಗೆ ಎರಡು ಸೆಂಟು. ಸ್ಥಳೀಯ ನಾಣ್ಯದ ಬೆಲೆ ಅಮೆರಿಕದ ಡಾಲರಿನ ಸುಮಾರು ಅರ್ಧದಷ್ಟಿದ್ದುದು ಇದಕ್ಕೆ ಕಾರಣ.

ಚೀನಕ್ಕೆ ಇನ್ನೂ ಒಂದು ತೊಡಕಿತ್ತು. ಅದು ಆಗ ವಿಶ್ವ ಅಂಚೆ ಒಕ್ಕೂಟದ ಸದಸ್ಯನಾಗಿರಲಿಲ್ಲ. ಹಾಗಾಗಿ ಚೀನದ ಒಳನಾಡಿನಿಂದ ಪ್ಯಾರಿಸ್ಸಿಗೆ ಕಾಗದ ಹಾಕಿದವರು ಬಂದರಿನವರೆಗೆ ಚೀನದ ಚೀಟಿ, ಅಲ್ಲಿಂದ ಮುಂದಕ್ಕೆ ವಿದೇಶಿ ಚೀಟಿ ಹಚ್ಚುವ ಪರಿಸ್ಥಿತಿಯಿತ್ತು. ಒಂದೇ ಲಕೋಟೆಯ ಮೇಲೆ ಎರಡು ರಾಜ್ಯಗಳಿಗೆ ಹಣ ತೆತ್ತ ಆ ಮಿಶ್ರ ಲಕೋಟೆಗಳಿಗೆ ಇಂದು ಹರಾಜಿನಲ್ಲಿ ಒಳ್ಳೆಯ ಬೆಲೆಯಿದೆ.

ಇಲಾಖೆಯೊಳಗಿನ ಪರರು

1898ರಲ್ಲಿ ಫ್ರಾನ್ಸ್ ಚೀನದಿಂದ ಒಂದು ವಚನ ಪಡೆದಿತ್ತು: ಪ್ರತ್ಯೇಕ ಅಂಚೆ ಇಲಾಖೆ ಸ್ಥಾಪಿಸಿದಾಗ ಅದರ ಸಿಬ್ಬಂದಿಯ ವಿಚಾರದಲ್ಲಿ ಫ್ರೆಂಚ್ ಸರಕಾರದ ಶಿಫಾರಸನ್ನು ಪರಿಗಣಿಸಬೇಕು. ಸುಂಕ ಇಲಾಖೆ ಬ್ರಿಟಿಷರ ಹಿಡಿತದಲ್ಲಿದ್ದರೆ ಅಂಚೆ ತಮ್ಮ ಹಿಡಿತದಲ್ಲಿರಲಿ ಎಂಬುದು ಲೆಕ್ಕ. 1906ರಲ್ಲಿ ಚೀನ ಅಂಚೆ ಮತ್ತು ಸಾರಿಗೆ ಸಚಿವಾಲಯ ರಚಿಸಿತು. 1911ರ ಮೇ ತಿಂಗಳಲ್ಲಿ ಅಂಚೆಯನ್ನು ಸುಂಕದಿಂದ ಬೇರ್ಪಡಿಸಿ ಆ ಸಚಿವಾಲಯಕ್ಕೆ ಒಪ್ಪಿಸಿತು. ಆದರೆ ದಿನದಿನದ ಕಾರುಬಾರು ಸಿಕ್ಕಿದ್ದು ಫ್ರೆಂಚ್ ಅಧಿಕಾರಿ ತಿಯೋಫಿಲ್ ಪಿರಿಗೆ. ಅವನ ಮೇಲೆ ಚೀನೀ ನಿರ್ದೇಶಕನಿದ್ದ. ಕಡತ ಓಡುತ್ತಿದ್ದುದು ಪಿರಿಯ ಮೇಜಿನಿಂದ. ಪ್ರಾಂತಗಳ ಅಂಚೆ ಆಯುಕ್ತರಲ್ಲಿ ವಿದೇಶಿಯರೇ ಹೆಚ್ಚು. ಇಂಗ್ಲಿಷ್ ಬಲ್ಲ ಚೀನೀ ಗುಮಾಸ್ತರಿಗೆ ಭದ್ರವಾದ ಕೆಲಸವಿತ್ತು, ಮೇಲಕ್ಕೆ ಹತ್ತುವ ದಾರಿ ಇಕ್ಕಟ್ಟಾಗಿತ್ತು.

ಇಷ್ಟಾದರೂ ಈ ಇಲಾಖೆ ಕೆಲಸ ಮಾಡಿತು. ಅರಸೊತ್ತಿಗೆ ಬೀಳುವ ಹೊತ್ತಿಗೆ ದೇಶದಲ್ಲಿ ಸುಮಾರು 6,000 ಅಂಚೆ ಕಚೇರಿ ಮತ್ತು ಏಜೆನ್ಸಿಗಳಿದ್ದವು. ರೈಲು ಇಲ್ಲದ ಕಡೆ ನಡೆದುಕೊಂಡು ಹೋಗುವ ಹರಕಾರರೇ ಆಧಾರ. 1912ರ ನಂತರ ಸೇನಾಧಿಪತಿಗಳು ದೇಶವನ್ನು ಹರಿದು ಹಂಚಿಕೊಂಡಾಗಲೂ ಒಬ್ಬನ ಸೀಮೆಯಿಂದ ಇನ್ನೊಬ್ಬನ ಸೀಮೆಗೆ ಕಾಗದ ತಲುಪುತ್ತಿತ್ತು. 1914ರಲ್ಲಿ ಚೀನ ವಿಶ್ವ ಅಂಚೆ ಒಕ್ಕೂಟಕ್ಕೆ ಸೇರಿತು. ಚೀನದ ಚೀಟಿ ಲೋಕದ ಎಲ್ಲ ಕಡೆ ಸಲ್ಲತೊಡಗಿದ ಮೇಲೆ ವಿದೇಶಿ ಕಚೇರಿಗಳಿಗೆ ಹಳೆಯ ನೆಪ ಉಳಿಯಲಿಲ್ಲ.

ಪ್ಯಾರಿಸ್‌ನಿಂದ ವಾಷಿಂಗ್ಟನ್‌ಗೆ

ಮೊದಲ ಮಹಾಯುದ್ಧ ಎರಡು ದೇಶಗಳ ಲೆಕ್ಕ ತೀರಿಸಿತು. 1917ರ ಮಾರ್ಚ್‌ನಲ್ಲಿ ಚೀನ ಜರ್ಮನಿಯೊಂದಿಗೆ ಸಂಬಂಧ ಕಡಿದುಕೊಂಡಾಗ ಜರ್ಮನ್ ಅಂಚೆ ಮುಚ್ಚಿತು. ಕ್ರಾಂತಿಯಿಂದ ತತ್ತರಿಸಿದ ರಷ್ಯದ ಹಳೆಯ ಅಧಿಕಾರಿಗಳಿಗೆ 1920ರಲ್ಲಿ ಚೀನ ಮಾನ್ಯತೆ ಹಿಂತೆಗೆದುಕೊಂಡಾಗ ರಷ್ಯನ್ ಅಂಚೆಯೂ ಹೋಯಿತು. ಉಳಿದವರು, ಅಂದರೆ ಬ್ರಿಟನ್, ಫ್ರಾನ್ಸ್, ಜಪಾನ್, ಅಮೆರಿಕ ಮತ್ತು ಇಟಲಿ, ಗೆದ್ದ ಪಕ್ಷದವರು. ಅವರ ಮೇಲೆ ಈ ಉಪಾಯ ನಡೆಯುವಂತಿರಲಿಲ್ಲ.

1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಚೀನದ ನಿಯೋಗ ಏಳು ಬೇಡಿಕೆಗಳ ಮನವಿ ಇಟ್ಟಿತು. ವಿದೇಶಿ ಅಂಚೆ, ತಂತಿ ಮತ್ತು ರೇಡಿಯೊ ಕೇಂದ್ರಗಳ ತೆರವು ಅದರಲ್ಲೊಂದು. ಸಮ್ಮೇಳನ ಆ ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಶಾನ್‌ಡಾಂಗ್‌ನ ಜರ್ಮನ್ ಹಕ್ಕುಗಳು ಜಪಾನಿಗೆ ಹೋದದ್ದರಿಂದ ಬೀಜಿಂಗಿನಲ್ಲಿ ಮೇ 4ರ ಚಳವಳಿ ಎದ್ದಿತು, ನಿಯೋಗ ವರ್ಸೇ ಒಪ್ಪಂದಕ್ಕೆ ಸಹಿ ಹಾಕದೆ ಮರಳಿತು.

ಎರಡನೆಯ ಅವಕಾಶ 1921ರ ನವೆಂಬರ್‌ನಲ್ಲಿ ಆರಂಭವಾದ ವಾಷಿಂಗ್ಟನ್ ಸಮ್ಮೇಳನದಲ್ಲಿ ಸಿಕ್ಕಿತು. ಶಿ ಝಾವೋಜಿ, ವೆಲಿಂಗ್ಟನ್ ಕೂ, ವಾಂಗ್ ಚೋಂಗ್‌ಹುಯಿ ಚೀನದ ಪ್ರತಿನಿಧಿಗಳು. ಸುಂಕದ ಹಕ್ಕು, ಕಾನ್ಸಲ್ ನ್ಯಾಯಾಲಯ, ಗುತ್ತಿಗೆ ಪ್ರದೇಶ ಮುಂತಾದ ದೊಡ್ಡ ಬೇಡಿಕೆಗಳ ನಡುವೆ ಅಂಚೆಯೂ ಇತ್ತು, ಮತ್ತು ವಾದ ಗಟ್ಟಿಯಾಗಿದ್ದುದು ಅದರಲ್ಲೇ. ಚೀನಕ್ಕೆ ಈಗ ತನ್ನ ಅಂಚೆ ಇದೆ, ಅದು ಒಕ್ಕೂಟದ ಸದಸ್ಯ, ಸೇವೆ ಚೆನ್ನಾಗಿದೆ. ವಿದೇಶಿ ಕಚೇರಿಗಳು ಲಾಭದ ಊರುಗಳಲ್ಲಿ ಕುಳಿತು ಆದಾಯ ಕಸಿಯುತ್ತವೆ. ನಷ್ಟದ ಒಳನಾಡು ಚೀನದ ಪಾಲಿಗೆ. ಅವುಗಳಿಗೆ ಒಪ್ಪಂದದ ಆಧಾರವೂ ಇಲ್ಲ. ಎಲ್ಲಕ್ಕಿಂತ ತೂಕದ ದೂರು ಪಾರ್ಸಲ್ಲಿನದು: ವಿದೇಶಿ ಅಂಚೆಯ ಗಂಟನ್ನು ಚೀನದ ಸುಂಕದವರು ಬಿಚ್ಚುವಂತಿರಲಿಲ್ಲ, ಆ ದಾರಿಯಲ್ಲಿ ಅಫೀಮು, ಮಾರ್ಫೀನ್ ಒಳಬರುತ್ತಿದ್ದವು.

1922ರ ಫೆಬ್ರುವರಿ 1ರಂದು ನಿರ್ಣಯ ಅಂಗೀಕಾರವಾಯಿತು. ವಿದೇಶಿ ಕಚೇರಿಗಳನ್ನು ಮುಚ್ಚಲು 1923ರ ಜನವರಿ 1 ಗಡುವು. ಅಲ್ಲಿಯವರೆಗೆ ಹೊರನೋಟಕ್ಕೆ ಬರಿಯ ಬರಹವಿರುವಂತೆ ಕಾಣುವ ಸಾಮಾನ್ಯ ಕಾಗದಗಳನ್ನು ಬಿಟ್ಟು ಉಳಿದ ಟಪಾಲನ್ನು ಚೀನದ ಸುಂಕದವರು ಪರೀಕ್ಷಿಸಬಹುದು. ಷರತ್ತುಗಳೂ ಇದ್ದವು. ಚೀನ ಸಮರ್ಥವಾದ ಅಂಚೆ ಸೇವೆ ನಡೆಸಬೇಕು. ವಿದೇಶಿ ಸಹನಿರ್ದೇಶಕನ ಸ್ಥಾನಮಾನಕ್ಕೆ ಸಂಬಂಧಿಸಿ ಈಗಿನ ಆಡಳಿತ ವ್ಯವಸ್ಥೆಯನ್ನು ಬದಲಿಸುವ ಉದ್ದೇಶವಿಲ್ಲವೆಂದು ಭರವಸೆ ಕೊಡಬೇಕು. ಗುತ್ತಿಗೆ ಪ್ರದೇಶಗಳಿಗೆ ಈ ನಿರ್ಣಯ ಅನ್ವಯಿಸದು. ಹೊರಗಿನವರ ಕಚೇರಿ ಬಿಡಿಸಿಕೊಳ್ಳಲು ಚೀನ ತನ್ನ ಕಚೇರಿಯೊಳಗಿನ ಹೊರಗಿನವನನ್ನು ಉಳಿಸಿಕೊಳ್ಳಲು ಒಪ್ಪಬೇಕಾಯಿತು. ಆಗ ಆ ಸ್ಥಾನದಲ್ಲಿದ್ದವನು ಪಿರಿಯ ಉತ್ತರಾಧಿಕಾರಿ, ಫ್ರೆಂಚ್ ಪ್ರಜೆ ಹೆನ್ರಿ ಪಿಕಾರ್ ದೆಸ್ತೆಲಾನ್.

ಬ್ರಿಟಿಷ್ ಕಚೇರಿಗಳು 1922ರ ನವೆಂಬರ್ 30ರಂದು, ಫ್ರೆಂಚ್ ಕಚೇರಿಗಳು ಮತ್ತು ಶಾಂಘೈಯಲ್ಲಿದ್ದ ಅಮೆರಿಕದ ಏಕೈಕ ಕಚೇರಿ ಡಿಸೆಂಬರ್ 31ರಂದು ಬಾಗಿಲು ಹಾಕಿದವು. ಬ್ರಿಟನ್ನಿನ ಗುತ್ತಿಗೆ ಪ್ರದೇಶವಾದ ವೇಯ್‌ಹೈವೇಯ್‌ನಲ್ಲಿ ಮಾತ್ರ ಬ್ರಿಟಿಷ್ ಅಂಚೆ 1930ರವರೆಗೆ ಮುಂದುವರಿಯಿತು. ಅತಿ ಹೆಚ್ಚು ಕಚೇರಿಗಳಿದ್ದ ಜಪಾನ್ ಡಿಸೆಂಬರ್‌ನಲ್ಲಿ ಚೀನದೊಂದಿಗೆ ಅಂಚೆ ಒಪ್ಪಂದ ಮಾಡಿಕೊಂಡು ಬಹುಪಾಲು ಕಡೆ ಹಿಂದೆ ಸರಿಯಿತು. ದಕ್ಷಿಣ ಮಂಚೂರಿಯ ರೈಲ್ವೆ ವಲಯದ ಕಚೇರಿಗಳನ್ನು ಬಿಡಲಿಲ್ಲ.

ಬೇರೆ ದೇಶಗಳ ಅನುಭವ

ತುರ್ಕಿಯೂ ಇದೇ ಕಷ್ಟ ಉಂಡಿತ್ತು. ಆಟೊಮನ್ ಸಾಮ್ರಾಜ್ಯದಲ್ಲಿ ಆಸ್ಟ್ರಿಯ, ಫ್ರಾನ್ಸ್, ಬ್ರಿಟನ್, ರಷ್ಯ, ಜರ್ಮನಿ, ಇಟಲಿಗಳ ಅಂಚೆ ಕಚೇರಿಗಳಿದ್ದವು. ಯುದ್ಧದ ಸಂದು ನೋಡಿ ಸುಲ್ತಾನನ ಸರಕಾರ ವಿದೇಶಿಯರ ವಿಶೇಷ ಹಕ್ಕುಗಳನ್ನು ಏಕಪಕ್ಷೀಯವಾಗಿ ರದ್ದುಮಾಡಿ 1914ರ ಅಕ್ಟೋಬರ್ 1ರಂದು ಅವನ್ನೆಲ್ಲ ಮುಚ್ಚಿಸಿತು. ಸೋತ ಮೇಲೆ ಕೆಲವು ಮರಳಿ ಬಂದವು. 1923ರ ಲೊಸಾನ್ ಒಪ್ಪಂದದಿಂದ ಕೊನೆಗೊಂಡವು.

ಕೊರಿಯದ ದಾರಿ ತದ್ವಿರುದ್ಧ. 1884ರಲ್ಲಿ ಹಾಂಗ್ ಯಾಂಗ್-ಸಿಕ್ ನೇತೃತ್ವದಲ್ಲಿ ಸೋಲ್‌ನಲ್ಲಿ ಆಧುನಿಕ ಅಂಚೆ ಶುರುವಾಯಿತು. ಅದರ ಉದ್ಘಾಟನೆಯ ಔತಣದ ರಾತ್ರಿಯೇ ಸುಧಾರಕರು ಕ್ಷಿಪ್ರಕ್ರಾಂತಿಗೆ ಕೈಹಾಕಿ ಸೋತರು, ಹಾಂಗ್ ಸತ್ತ, ಅಂಚೆ ನಿಂತಿತು. 1895ರಲ್ಲಿ ಮತ್ತೆ ಚಿಗುರಿ 1900ರಲ್ಲಿ ವಿಶ್ವ ಒಕ್ಕೂಟ ಸೇರಿದ ಆ ಅಂಚೆಯನ್ನು 1905ರಲ್ಲಿ ಜಪಾನ್ ಒಪ್ಪಂದದ ಹೆಸರಿನಲ್ಲಿ ನುಂಗಿತು. ದೇಶವೇ ವಶವಾದದ್ದು ಐದು ವರ್ಷದ ಬಳಿಕ.

ಕುರ್ಚಿಯ ಬದಲಾವಣೆ ಮತ್ತು ಮಂಚೂರಿಯ

ಚೀನದಲ್ಲಿ ವಿದೇಶಿ ಕಚೇರಿಗಳು ಮುಚ್ಚಿದ ಮೇಲೆ ಅಂಚೆ ಇಲಾಖೆಯೊಳಗೆ ಒತ್ತಡ ಬೆಳೆಯಿತು. 1924ರಲ್ಲಿ ಸುಝೌ ಹೊಳೆಯ ದಡದಲ್ಲಿ ಶಾಂಘೈಯ ಭವ್ಯ ಪ್ರಧಾನ ಅಂಚೆ ಕಚೇರಿ ಎದ್ದುನಿಂತಿತು. ಮರುವರ್ಷವೇ, 1925ರ ಆಗಸ್ಟ್‌ನಲ್ಲಿ, ಶಾಂಘೈಯ ಅಂಚೆ ನೌಕರರು ಮುಷ್ಕರ ಹೂಡಿದರು. ನಾನ್‌ಜಿಂಗ್‌ನಲ್ಲಿ ರಾಷ್ಟ್ರೀಯವಾದಿ ಸರಕಾರ ನೆಲೆಯೂರಿದ ಬಳಿಕ ಚೀನೀ ಮಹಾನಿರ್ದೇಶಕನ ಅಧಿಕಾರ ನಿಜದ ಅಧಿಕಾರವಾಯಿತು, ವಿದೇಶಿ ಅಧಿಕಾರಿಗಳು ಅವನ ಅಧೀನರಾದರು. ಅದೇ ಸರಕಾರ ಅಂಚೆಯ ಏಕಸ್ವಾಮ್ಯ ಸಾರಿ 1934ರ ಕೊನೆಗೆ ಹಳೆಯ ಮಿನ್‌ಶಿನ್‌ಜು ಅಂಗಡಿಗಳನ್ನೂ ಮುಚ್ಚಿಸಿತು. ವಿದೇಶಿಯರನ್ನು ಹೊರಹಾಕಿದ ಅಂಚೆ ದೇಶದ ಖಾಸಗಿ ಅಂಚೆಯನ್ನೂ ನುಂಗಿಕೊಂಡಿತು.

ಅಷ್ಟರಲ್ಲಿ ಉತ್ತರದಲ್ಲಿ ದೊಡ್ಡ ಹೊಡೆತ ಬಿದ್ದಿತ್ತು. ಜಪಾನ್ 1931ರಲ್ಲಿ ಮಂಚೂರಿಯವನ್ನು ಆಕ್ರಮಿಸಿ ಮರುವರ್ಷ ಮಂಚುಕುವೊ ಎಂಬ ಕೈಗೊಂಬೆ ರಾಜ್ಯ ನಿಲ್ಲಿಸಿತು. 1932ರ ಜುಲೈಯಲ್ಲಿ ನಾನ್‌ಜಿಂಗ್ ಸರಕಾರ ಅಲ್ಲಿನ ಚೀನೀ ಅಂಚೆ ಕಚೇರಿಗಳನ್ನೆಲ್ಲ ಮುಚ್ಚಿ ಸಿಬ್ಬಂದಿಯನ್ನು ಮಹಾಗೋಡೆಯ ಈಚೆಗೆ ಕರೆಸಿಕೊಂಡಿತು. ಸೈಬೀರಿಯದ ಮೂಲಕ ಯುರೋಪಿಗೆ ಹೋಗುತ್ತಿದ್ದ ಟಪಾಲು ಸೂಯೆಜ್ ಕಾಲುವೆಯ ದಾರಿ ಹಿಡಿಯಿತು. ಮಂಚೂರಿಯದಲ್ಲಿದ್ದ ಲಕ್ಷಾಂತರ ಚೀನೀಯರಿಗೆ ಊರಿನ ಸಂಪರ್ಕ ತಪ್ಪಿದ್ದರಿಂದ ಮಾತುಕತೆ ನಡೆದು 1935ರ ಜನವರಿ 10ರಂದು ಸೇವೆ ಮತ್ತೆ ಶುರುವಾಯಿತು. ಆದರೆ ಆ ರಾಜ್ಯಕ್ಕೆ ಮಾನ್ಯತೆ ಸಿಕ್ಕಂತಾಗಬಾರದು. ಅದಕ್ಕಾಗಿ ಚೀನಕ್ಕೆ ಬರುವ ಕಾಗದಗಳಿಗೆ 'ಮಂಚುಕುವೊ' ಎಂಬ ಹೆಸರೇ ಇಲ್ಲದ ವಿಶೇಷ ಚೀಟಿಗಳನ್ನು ಅಚ್ಚು ಮಾಡಲಾಯಿತು.

ಭಾರತದ ಪಾತ್ರ ಮತ್ತು ಉಳಿದ ಭಾಗಗಳು

ಸ್ವತಂತ್ರ ಭಾರತಕ್ಕೂ ಈ ಕಥೆಯಲ್ಲಿ ಒಂದು ಅಧ್ಯಾಯವಿದೆ. 1903–04ರಲ್ಲಿ ಬ್ರಿಟಿಷ್ ಪಡೆ ಲಾಸಾಕ್ಕೆ ನುಗ್ಗಿದ ಬಳಿಕ ಟಿಬೆಟ್ಟಿನ ಯಾತುಂಗ್, ಫಾರಿ, ಗ್ಯಾಂತ್ಸೆಗಳಲ್ಲಿ ಭಾರತೀಯ ಅಂಚೆ ಕಚೇರಿಗಳು ಕೆಲಸ ಮಾಡುತ್ತಿದ್ದವು. 1947ರಲ್ಲಿ ಅವು ಬಳುವಳಿಯಾಗಿ ಭಾರತಕ್ಕೆ ಬಂದವು. ಪಂಚಶೀಲ ತತ್ತ್ವಗಳಿಂದ ಹೆಸರಾದ 1954ರ ಏಪ್ರಿಲ್ 29ರ ಒಪ್ಪಂದಕ್ಕೆ ಭಾರತದ ಪರವಾಗಿ ರಾಯಭಾರಿ ಎನ್. ರಾಘವನ್ ಸಹಿ ಹಾಕಿದರು. ಅದರೊಡನೆ ವಿನಿಮಯವಾದ ಪತ್ರಗಳಲ್ಲಿ ಟಿಬೆಟ್ಟಿನ ಅಂಚೆ, ತಂತಿ, ದೂರವಾಣಿ ಸೇವೆಗಳನ್ನೂ ಹನ್ನೆರಡು ತಂಗುದಾಣಗಳನ್ನೂ ಚೀನಕ್ಕೆ ಬಿಟ್ಟುಕೊಡಲು ಭಾರತ ಒಪ್ಪಿತು. 1955ರ ಏಪ್ರಿಲ್ 1ರಂದು ಅಂಚೆ ಹಸ್ತಾಂತರವಾಯಿತು. ತಾನೇ ವಸಾಹತು ಆಗಿದ್ದ ದೇಶವೊಂದು ಬ್ರಿಟಿಷರಿಂದ ಬಂದ ಹೊರನಾಡಿನ ಅಂಚೆಯನ್ನು ಹೀಗೆ ಬಿಟ್ಟುಕೊಟ್ಟಿತು. ಅದರಲ್ಲಿ ಟಿಬೆಟ್ಟಿನವರ ಅಭಿಪ್ರಾಯ ಕೇಳುವ ಪ್ರಸಂಗ ಬರಲಿಲ್ಲ.

ವಿಶ್ವ ಅಂಚೆ ಒಕ್ಕೂಟದಲ್ಲಿ ಚೀನದ ಪೀಠ ತೈವಾನಿನ ಸರಕಾರದಿಂದ ಬೀಜಿಂಗ್ ಸರಕಾರಕ್ಕೆ ಬಂದದ್ದು 1972ರಲ್ಲಿ. 1999ರಲ್ಲಿ ಒಕ್ಕೂಟದ ಮಹಾಧಿವೇಶನ ಬೀಜಿಂಗಿನಲ್ಲೇ ನಡೆಯಿತು. ಅದಕ್ಕೆ ಮುನ್ನ, 1996ರಲ್ಲಿ, ಚೀನ ತನ್ನ ಅಂಚೆಯ ಶತಮಾನೋತ್ಸವವನ್ನು ಆಚರಿಸಿತು. ಲೆಕ್ಕ ಹಾಕಿದ್ದು ಗುವಾಂಗ್‌ಶು ಚಕ್ರವರ್ತಿಯ 1896ರ ಆಜ್ಞೆಯಿಂದ. ಬಂದರು ಅಂಚೆಗಳ ಮೂಲವಾದ ಹಾಂಗ್‌ಕಾಂಗ್ 1997ರಲ್ಲಿ, ಪೋರ್ಚುಗೀಸರ ಮಕಾವ್ 1999ರಲ್ಲಿ ಚೀನಕ್ಕೆ ಮರಳಿದವು. ಎರಡರ ಅಂಚೆ ಇಲಾಖೆಗಳೂ ಚೀನದ ಅಂಚೆಯಲ್ಲಿ ವಿಲೀನವಾಗಿಲ್ಲ. ಇಂದಿಗೂ ಅವು ತಮ್ಮದೇ ದರ, ತಮ್ಮದೇ ಅಂಚೆಚೀಟಿಗಳೊಂದಿಗೆ ಬೇರೆಯಾಗಿಯೇ ನಡೆಯುತ್ತಿವೆ. ಹಾಂಗ್‌ಕಾಂಗಿನ ಚೀಟಿಗಳ ಮೇಲೆ ರಾಣಿಯ ತಲೆಯ ಬದಲು 'ಹಾಂಗ್‌ಕಾಂಗ್, ಚೀನ' ಎಂಬ ಹೆಸರಿದೆ.